ಒತ್ತು, ಹಿಡಿ, ಬಿಡು

ಕಾರಿನ ಕೆಳಗಿಂದ ನನ್ನ ಮೊಮ್ಮಗಳ ಎರಡು ಪಾದ ಮಾತ್ರ ಕಾಣುತ್ತಿದ್ದವು. ಮಿಕ್ಕ ಹುಡುಗಿಯೆಲ್ಲ ಕಬ್ಬಿಣದ ಕೆಳಗೆ. ನಾನು ಬಾಗಿಲ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಕೈ ಮೊರದಲ್ಲಿ, ಕಣ್ಣು ಆ ಪಾದಗಳ ಮೇಲೆ. ಸ್ವಲ್ಪ ಹೊತ್ತು ಅವು ಅಲ್ಲಾಡದೆ ಇದ್ದರೆ ಎದೆಯಲ್ಲಿ ಯಾರೋ ಒನಕೆ ಹಾಕಿದ ಹಾಗಾಗುತ್ತಿತ್ತು.

"ಲೇ ಯವ್ವಾ, ಬೆರಳು ಅಲ್ಲಾಡ್ಸು."

"ಕೆಲಸ ಮಾಡಾಕತ್ತೀನಿ ಅಜ್ಜಿ."

"ಮಾಡು, ಯಾರು ಬ್ಯಾಡಂದ್ರು? ಬೆರಳು ಅಲ್ಲಾಡ್ಸಕೋತ ಮಾಡು."

ಹೆಬ್ಬೆರಳು ಒಂದು ಸಲ ಬಗ್ಗಿ ನನಗೆ ನಮಸ್ಕಾರ ಮಾಡಿತು. ನಾನು ಇನ್ನೊಂದು ಕಾಯಿ ಸುಲಿದೆ.

ಇಷ್ಟುದ್ದ ನಾನು ಹಿಂದೆ ಯಾವತ್ತೂ ಬರೆದವಳಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ಈ ಸಂತೋಷವನ್ನು ಬಾಯಲ್ಲಿ ಹೇಳಿ ಹೇಳಿ ನಮ್ಮ ಓಣಿಯವರಿಗೆಲ್ಲ ಸಾಕು ಮಾಡಿದ್ದೇನೆ. ನನ್ನ ಕಂಡರೆ "ಅಮ್ಮಾ, ಕಾರಿಂದು ಕೇಳೀವ್ರಿ" ಅಂತ ಮೊದಲೇ ಅಂದುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸಂತೋಷ ಅಂದೆನಲ್ಲ, ಅದು ಕಡೆಗೆ ಬಂದದ್ದು. ಅಲ್ಲಿಯವರೆಗೆ ಬರೀ ಹೆದರಿಕೆಯೇ.

ಅದು ಬಿಳಿ ಅಂಬಾಸಿಡರ್ ಕಾರು. ಬಿಳಿ ಅಂದರೆ ಒಂದು ಕಾಲಕ್ಕೆ ಬಿಳಿ. ಯಶವಂತನಗರದಲ್ಲಿ ಯಾವುದೂ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಅದಿರಿನ ಲಾರಿ ಓಡಾಡುವ ದಾರಿಯಲ್ಲಿ ಒಗೆದ ಪಂಚೆಯೂ ಒಣಗುವಷ್ಟರಲ್ಲಿ ಕೆಂಪು. ನಮ್ಮ ಮನೆಯವರು ಇಲ್ಲಿನ ಒಬ್ಬ ಗಣಿ ಸಾಹುಕಾರರ ಮನೆಯಲ್ಲಿ ಡ್ರೈವರ್ ಆಗಿದ್ದರು. ತಲೆಗೂದಲು ಕಪ್ಪಿದ್ದಾಗ ಆ ಕಾರಿನ ಸ್ಟೇರಿಂಗ್ ಹಿಡಿದವರು ನರೆಯುವವರೆಗೂ ಕೈ ತೆಗೆಯಲಿಲ್ಲ. ಅವರು ಓಡಿಸುತ್ತಿದ್ದರು, ನಾನು ತೊಳೆಯುತ್ತಿದ್ದೆ. ಸೀಟಿನ ಬಟ್ಟೆ ಬಿಚ್ಚಿ ಒಗೆದು ಒಣಗಿಸಿ ಮತ್ತೆ ತೊಡಿಸುತ್ತಿದ್ದೆ. ಬಾಗಿಲ ಹೊರಗೆ ನಿಂತು, ಬಗ್ಗಿ, ಒಳಗಿನ ಮಣ್ಣು ಬಳಿಯುತ್ತಿದ್ದೆ. ಕೂತವಳಲ್ಲ. ನಮ್ಮಂಥವರು ಅದರಲ್ಲಿ ಕೂರುವುದು ಅಂತಲೇ ಇರಲಿಲ್ಲ, ಬೇಡ ಅಂತ ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಗಣಿ ನಿಂತು ಸಾಹುಕಾರರ ಮನೆಯವರು ಊರು ಬಿಡುವಾಗ ಕಾರು ಕೆಟ್ಟು ಶೆಡ್ಡಿನಲ್ಲಿತ್ತು. "ಗುಜರಿಗೆ ಹಾಕಾಕ ಮನಸ್ಸು ಬರವಲ್ದು, ನೀನ ತಗೊಂಡು ಹೋಗಪ್ಪ" ಅಂದರಂತೆ. ಇವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದು ನಮ್ಮ ಅಂಗಳದ ಬೇವಿನ ಕೆಳಗೆ ನಿಲ್ಲಿಸಿದರು. ಅಷ್ಟರಲ್ಲಿ ಇವರಿಗೂ ಕಣ್ಣಿನ ಪೊರೆ. ಆಪರೇಷನ್ ಆದರೂ ಒಂದು ಕಣ್ಣು ಸರಿಹೋಗಲಿಲ್ಲ. ಕಾರು ಓಡುವುದಿಲ್ಲ, ಡ್ರೈವರಿಗೆ ಕಾಣುವುದಿಲ್ಲ. ಇಬ್ಬರೂ ಬೇವಿನ ಕೆಳಗೆ ಕೂತರು. ನಾನು ಒಗೆದು ಒಗೆದು ತೊಡಿಸಿದ ಹಿಂದಿನ ಸೀಟಿನಲ್ಲಿ ನಮ್ಮ ಕೋಳಿಗಳು ಕಾವಿಗೆ ಕೂತವು. ನನಗಿಲ್ಲದ ಭಾಗ್ಯ ಅವಕ್ಕೆ.

ಆಮೇಲೆ ಬಂದಳು ಮೊಮ್ಮಗಳು. ಮಗಳ ಮಗಳು, ಅಪ್ಪ ಅಮ್ಮ ಕಂಪ್ಲಿಯಲ್ಲಿದ್ದಾರೆ. ಐಟಿಐ ಓದಿ ವಡ್ಡು ಗ್ರಾಮದ ಕಡೆಯ ಫ್ಯಾಕ್ಟರಿಯಲ್ಲಿ ಫಿಟ್ಟರ್ ಕೆಲಸ ಹಿಡಿದಳು. ಕಂಪನಿ ಬಸ್ಸು ನಮ್ಮ ಓಣಿಯ ತಳದಲ್ಲೇ ನಿಲ್ಲುತ್ತದೆ ಅಂತ ನಮ್ಮ ಮನೆಯಲ್ಲೇ ಉಳಿದಳು. ಬಂದ ಮೊದಲ ಭಾನುವಾರವೇ ಕೋಳಿಗಳನ್ನು ಓಡಿಸಿ, ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ ನಿಂತಳು.

"ತಾತಾ, ಇದು ಸತ್ತಿಲ್ಲ. ಮಲಗೈತಿ."

"ಎಬ್ಬಿಸಿ ಯಾರನ್ನ ಕುಂದ್ರಸ್ತೀಯಲೇ? ನನಗ ಕಣ್ಣಿಲ್ಲ" ಅಂದರು ಇವರು.

"ಅಜ್ಜೀನ. ಮುಂದಿನ ಸೀಟಿನಾಗ ಕುಂದ್ರಿಸ್ಕೊಂಡು ಮೆಟ್ರಿಗೆ ಕರಕೊಂಡು ಹೋಗ್ತೀನಿ."

ಮೆಟ್ರಿ ನನ್ನ ತವರು. ಕಂಪ್ಲಿ ತಾಲೂಕಿನ ನೀರಾವರಿ ಊರು, ಕಾಲುವೆ, ಭತ್ತದ ಗದ್ದೆ. ಅಲ್ಲಿಂದ ನಾನು ಮದುವೆಯಾಗಿ ಬಂದದ್ದು ಬಸ್ಸಿನಲ್ಲಿ, ಹೋಗಿ ಬಂದದ್ದೆಲ್ಲ ಬಸ್ಸಿನಲ್ಲಿ, ಅದೂ ಅರ್ಧ ದಾರಿ ನಿಂತುಕೊಂಡು. ಅವಳ ಆ ಮಾತು ಕೇಳಿ ನಾನು ಸುಮ್ಮನೆ ಒಳಗೆ ಹೋಗಿ, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು, ನೋಡಿ, ಮತ್ತೆ ಮುಚ್ಚಿದೆ. ಏನಾದರೂ ಮಾಡಬೇಕಿತ್ತಲ್ಲ, ಇಲ್ಲದಿದ್ದರೆ ಅಲ್ಲೇ ಕುಣಿದುಬಿಡುತ್ತಿದ್ದೆ.

ಆದರೆ ರಿಪೇರಿ ಶುರುವಾದ ಮೇಲೆ ಆ ಕುಣಿತವೆಲ್ಲ ಇಳಿಯಿತು. ಯಾವ ಯಾವುದಕ್ಕೆ ಅಂತ ಹೆದರಲಿ? ಸೀಟಿನ ಕೆಳಗೆ ಕೈ ಹಾಕಿದರೆ ಚೇಳು ಇದ್ದೀತು ಅಂತ. ಪೆಟ್ರೋಲ್ ವಾಸನೆ ಬಂದರೆ ಓಡಿಹೋಗಿ ಒಲೆ ಆರಿಸುತ್ತಿದ್ದೆ, ರೊಟ್ಟಿ ಹಸಿಯುಳಿದರೂ ಚಿಂತೆಯಿಲ್ಲ. ಬ್ಯಾಟರಿಯಿಂದ ಕಿಡಿ ಹಾರಿದರೆ "ಅಯ್ಯೋ" ಅಂತ ಮೊದಲು ಕೂಗುವವಳು ನಾನೇ. ಎಲ್ಲಕ್ಕಿಂತ ಹೆಚ್ಚು ಆ ಜಾಕು. ಮೊಣಕಾಲುದ್ದದ ಒಂದು ಕಬ್ಬಿಣ, ಅದರ ತಲೆಯ ಮೇಲೆ ಅಷ್ಟು ದೊಡ್ಡ ಕಾರು, ಅದರ ಕೆಳಗೆ ನನ್ನ ಮಗಳು ಹೆತ್ತ ಕೂಸು. ಅವಳಿಗೆ ಏನಾದರೂ ಆದರೆ ಕಂಪ್ಲಿಗೆ ಹೋಗಿ ಯಾವ ಬಾಯಲ್ಲಿ ಹೇಳಲಿ? ಇವರೇನೋ ಒಂದು ಪದ್ಧತಿ ಇಟ್ಟಿದ್ದರು. ಕಳಚಿದ ಗಾಲಿಯನ್ನು ಕಾರಿನ ಹೊಟ್ಟೆ ಕೆಳಗೆ ಮಲಗಿಸದೆ ಯಾರೂ ಒಳಗೆ ತೂರುವಂತಿಲ್ಲ. ಜಾಕು ಜಾರಿದರೂ ಕಾರು ಗಾಲಿಯ ಮೇಲೆ ಕೂರಬೇಕು, ಮನುಷ್ಯರ ಮೇಲಲ್ಲ. ಅದು ಒಳ್ಳೆಯದೇ. ಆದರೂ ನಾನು ಪಾದ ಕಾಯುವುದು ಬಿಡಲಿಲ್ಲ.

ಭಾನುವಾರ ಭಾನುವಾರ ಮಾಡುತ್ತಾ ಮಾಡುತ್ತಾ ಒಂದು ದಿನ ಇಂಜಿನ್ ಎದ್ದಿತು. ಮೊದಲು ಕೆಮ್ಮಿತು, ನೀಲಿ ಹೊಗೆ ಉಗುಳಿತು, ಆಮೇಲೆ ಗುಡುಗುಡು ಅಂತ ನಿಂತು ಮಾತಾಡತೊಡಗಿತು. ಇವರು ಮಂಚದಿಂದ ಎದ್ದು ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು, ಜ್ವರ ನೋಡುವ ಹಾಗೆ. ಕಾಣದ ಕಣ್ಣಲ್ಲೂ ನೀರು ಬಂತು. ನಾನು ಓಣಿಗೆಲ್ಲ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹಂಚಿದೆ.

ಉಳಿದದ್ದು ಬ್ರೇಕು.

ಬ್ರೇಕಿನ ಪೈಪಿನೊಳಗೆ ಎಣ್ಣೆ ತುಂಬಿರಬೇಕಂತೆ, ಗಾಳಿ ಇರಬಾರದಂತೆ. ಗಾಳಿ ಸೇರಿದರೆ ಪೆಡಲ್ ಒತ್ತಿದಾಗ ಆ ಗಾಳಿಯೇ ಅಮುಕಿಕೊಂಡು ಹೋಗುತ್ತದೆ, ಗಾಲಿಗೆ ಬಿಗಿತ ಮುಟ್ಟುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಗಾಲಿಯ ಹತ್ತಿರ ಒಂದು ಸಣ್ಣ ತಿರುಪು ಸಡಿಲಿಸಬೇಕು, ಆಗ ಗಾಳಿ ಎಣ್ಣೆಯ ಜೊತೆ ಬುಸ್ಸೆಂದು ಹೊರಗೆ ಬರುತ್ತದೆ. ತಿರುಪು ಬಿಗಿ ಮಾಡಿದ ಮೇಲೆಯೇ ಮೇಲಿದ್ದವರು ಕಾಲೆತ್ತಬೇಕು. ಮೊದಲೇ ಎತ್ತಿದರೆ ಪೈಪು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಂಡು ಕೂರುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ತಿಳಿದದ್ದು ಇಷ್ಟೇ: ಇವರ ಮೊಣಕಾಲಿಗೆ ಆಗುವುದಿಲ್ಲ, ಪೆಡಲ್ ಒತ್ತುವವಳು ನಾನು.

"ನಾನಾ? ಡ್ರೈವರ್ ಸೀಟಿನಾಗಾ?"

"ಗಾಡಿ ಬಿಟ್ಕೊಂಡು ಓಡಿ ಹೋಗಬ್ಯಾಡ ಮತ್ತ" ಅಂದರು ಇವರು ಮಂಚದ ಮೇಲಿಂದ.

ಹೀಗೆ ನಾನು ಮೊದಲ ಸಲ ಆ ಕಾರಿನಲ್ಲಿ ಕೂತೆ. ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು. ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಿದ್ದರೂ ಎಲ್ಲಿ ಹೊರಟುಬಿಡುತ್ತದೋ ಅಂತ ಮೈ ಬೆವರಿತು. ಕೆಳಗಿಂದ ಅವಳ ದನಿ ಬಂತು.

"ಒತ್ತು."

"ಒತ್ತೀನಿ."

"ಹಿಡಿ."

"ಹಿಡದೀನವ್ವ."

ಬುಸ್ ಅಂತು. ಪೆಡಲ್ ನನ್ನ ಕಾಲಡಿ ಮೆಲ್ಲಗೆ ಕುಸಿಯಿತು. ನಾದಿದ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ.

"ಬಿಡು."

ಬಿಟ್ಟೆ. ಒತ್ತು, ಹಿಡಿ, ಬಿಡು. ಒತ್ತು, ಹಿಡಿ, ಬಿಡು. ಬೆಳಗಿನಿಂದ ಅದೇ. ಪಾದ ಕಾಣುತ್ತಿರಲಿಲ್ಲವಾದ್ದರಿಂದ ನಾನು ದನಿಯನ್ನಾದರೂ ಕೇಳೋಣ ಅಂತ ಮಾತಾಡಿಸುತ್ತಲೇ ಇದ್ದೆ.

"ಹಿಡದೀನಿ ಯವ್ವಾ. ಏನದು ಸಿಡಿದದ್ದು? ನಿನ್ನ ಮೈಮ್ಯಾಲೆ ಬಿತ್ತೇನು?"

"ಮುಖಕ್ಕ ಸಿಡೀತು. ಇರ್ಲಿ ಬಿಡಜ್ಜಿ."

ನಾನು ಬಿಟ್ಟೆ.

"ಯಾಕೋ ಎಣ್ಣಿ ಬರೋದು ನಿಂತೋತು. ಈ ಕಡೇ ಗಾಲೀದೂ ಮುಗೀತು ಅನ್ಸತ್ತ" ಅಂತ ಅವಳು ತಿರುಪು ಬಿಗಿ ಮಾಡಿದಳು. ಮುಖ ಒರೆಸಿಕೊಂಡು ಮೇಲೆ ಬಂದು, ತಾನೇ ಕೂತು, ಪೆಡಲನ್ನು ಟಕಟಕ ಅಂತ ಒತ್ತಿ ನೋಡಿದಳು. "ಕಲ್ಲಿನಂಗ ಐತಿ!" ಅಂದಳು. ನನಗೆ ಹೆಮ್ಮೆ. ಬ್ರೇಕಿನಲ್ಲಿ ನನ್ನ ಕಾಲಿನ ದುಡಿಮೆಯೂ ಇತ್ತಲ್ಲ.

ಊಟ ಮಾಡಿ ಎದ್ದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಓಣಿಯ ಮೇಲ್ಗಡೆ ಹಳೇ ಗಣಿ ಆಫೀಸಿನ ಮುಂದೆ ಬಯಲಿದೆ, ಅಲ್ಲಿ ಒಂದು ಸುತ್ತು ಹಾಕಿ ಬರೋಣ ಅಂದಳು. ಲೈಸನ್ಸ್ ಇತ್ತು, ಕಂಪ್ಲಿಯಲ್ಲಿ ಅಪ್ಪನ ಗೂಡ್ಸ್ ಗಾಡಿ ಓಡಿಸಿದವಳು. ಆದರೆ ಹ್ಯಾಂಡ್ ಬ್ರೇಕಿನ ತಂತಿ ತುಂಡಾಗಿತ್ತು, ಹೊಸದು ಇನ್ನೂ ಬಂದಿರಲಿಲ್ಲ.

"ತಂತಿ ಬರ್ಲಿ ಯವ್ವಾ" ಅಂದೆ.

"ಬಯಲಿಗಷ್ಟ ಅಜ್ಜಿ. ಬಾ, ಕುಂದ್ರು."

ಕುಂದ್ರು ಅಂದಳಲ್ಲ, ಮುಂದಿನ ಸೀಟು ತೋರಿಸಿ. ನಾನು ಸೋತೆ. ಹೆದರಿಕೊಂಡೇ ಹತ್ತಿದೆ. ಇವರು ಕಲ್ಲು ತೆಗೆದು ಗೇಟಿನಲ್ಲಿ ನಿಂತರು.

ನಮ್ಮ ಓಣಿ ಏರು. ಮೇಲೆ ಬಯಲು, ಕೆಳಗೆ ಲಾರಿ ರಸ್ತೆ. ಕಾರು ಗೇಟು ದಾಟಿ ಮೇಲಕ್ಕೆ ತಿರುಗಿತು, ಗೊರಗೊರ ಅನ್ನುತ್ತಾ ನಾಲ್ಕಾರು ಮನೆ ಹತ್ತಿತು. ನಾನು ಕಿಟಕಿಯಲ್ಲಿ ಕೈ ಇಟ್ಟು, ಕಟ್ಟೆ ಮೇಲೆ ಕೂತವರಿಗೆ ಕಾಣಲಿ ಅಂತ ಮುಖ ಹೊರಗೆ ಹಾಕಿದ್ದೆ. ಆಗ ಇಂಜಿನ್ ಒಂದು ಸಲ ಬಿಕ್ಕಳಿಸಿ ನಿಂತುಹೋಯಿತು.

ಆಮೇಲೆ ಕಿಟಕಿಯಾಚೆಯ ಮನೆಯ ಬಾಗಿಲು ಮುಂದಕ್ಕೆ ಹೋಗತೊಡಗಿತು. ಬಾಗಿಲಲ್ಲ, ನಾವು ಹಿಂದಕ್ಕೆ.

ಅವಳು ಎರಡೂ ಕಾಲನ್ನು, ಒಂದು ಕ್ಲಚ್ಚಿನ ಮೇಲೆ ಒಂದು ಬ್ರೇಕಿನ ಮೇಲೆ, ನೆಲಕ್ಕೆ ತುಳಿದು ಹಿಡಿದಿದ್ದಳು. ಬ್ರೇಕಿನ ಪೆಡಲ್ ಪೂರಾ ಒಳಗೆ ಹೋಗಿತ್ತು. ಕಾರು ನಿಲ್ಲಲಿಲ್ಲ. "ಹಿಡೀವಲ್ದು ಅಜ್ಜಿ" ಅಂದಳು, ಕೂಗಲಿಲ್ಲ, ಸಣ್ಣ ದನಿಯಲ್ಲಿ ಅಂದಳು. ಹಿಂದಿನ ಗಾಜಿನಲ್ಲಿ ನೋಡಿದೆ. ನಮ್ಮ ಗೇಟು ಪಕ್ಕದಲ್ಲೇ ಹಾದುಹೋಯಿತು, ಇವರು ಎರಡೂ ಕೈ ಮೇಲೆತ್ತಿ ಏನೋ ಕೂಗುತ್ತಿದ್ದರು. ಅದರಾಚೆ ಇಳಿಜಾರು, ಅದರಾಚೆ ಲಾರಿಗಳ ಕೆಂಪು ಧೂಳು.

ನನಗೆ ದೇವರ ಹೆಸರು ನೆನಪಾಗಲಿಲ್ಲ. ಬೆಳಗಿನಿಂದ ಬಾಯಲ್ಲಿ, ಕಾಲಲ್ಲಿ ಕೂತಿದ್ದು ಒಂದೇ ಮಂತ್ರ. ಅದೇ ಹೊರಬಿತ್ತು.

"ಒತ್ತು! ಬಿಡು! ಒತ್ತು! ಬಿಡು! ಒತ್ತಲೇ ಯವ್ವಾ, ಬಿಡು, ಒತ್ತು!"

ಬೆಳಗಿನಿಂದ ಅವಳು ಹೇಳಿದ ಹಾಗೆ ನಾನು ಕೇಳಿದ್ದೆ. ಈಗ ನಾನು ಹೇಳಿದ ಹಾಗೆ ಅವಳು ಕೇಳಿದಳು. ಕಾಲು ಎತ್ತಿ ಒತ್ತಿದಳು, ಎತ್ತಿ ಒತ್ತಿದಳು. ಕಾರು ಒಮ್ಮೆ ಗಕ್ಕನೆ ಜಗ್ಗಿತು. ಮತ್ತೆ ಜಾರಿತು. ಮತ್ತೆ ಜಗ್ಗಿತು. ನನ್ನ ಬೆನ್ನು ಸೀಟಿಗೆ ಬಡಿಯಿತು. ನಿಂತಿತು.

ಹಿಂದೆ ಒಂದು ಲಾರಿ ಉದ್ದಕ್ಕೆ ಹಾರ್ನ್ ಹಾಕಿಕೊಂಡು ಹಾದುಹೋಯಿತು. ಕಿಟಕಿಯಿಂದ ಧೂಳು ನುಗ್ಗಿ ಇಬ್ಬರೂ ಕೆಂಪಗಾದೆವು.

"ಅಜ್ಜಿ" ಅಂದಳು ಅವಳು, ಮುಂದೆ ನೋಡುತ್ತಲೇ. "ಪೆಡಲ್ ಮೆಲ್ಲಕ ಒಳಗ ಹೊಂಟೈತಿ. ಕಲ್ಲು ಇಡು."

ಇಳಿಯಬೇಕು. ಇಳಿದು, ಅದು ಜಾರಿ ಬರುವ ದಾರಿಯಲ್ಲೇ ಬಗ್ಗಬೇಕು. ಬಾಗಿಲಿನ ಹಿಡಿ ತಿರುಗಿಸಿದರೆ ಬಾರದು. ಆ ಹಿಡಿ ಎಷ್ಟು ಸಲ ಒರೆಸಿದವಳು ನಾನು, ಆದರೆ ಒಳಗಿನಿಂದ ತೆರೆದು ಗೊತ್ತಿಲ್ಲ. "ಕೆಳಗ ಒತ್ತಿ ನೂಕು" ಅಂದಳು. ನೂಕಿದೆ, ಬಿದ್ದ ಹಾಗೆ ಇಳಿದೆ. ಚರಂಡಿ ಪಕ್ಕದ ಸೈಜುಗಲ್ಲು ಎರಡೂ ಕೈಯಲ್ಲಿ ಎತ್ತಿ ತಂದೆ. ಬೇರೆ ದಿನ ಅಲ್ಲಾಡಿಸಲೂ ಆಗದ ಕಲ್ಲು. ಹಿಂದಿನ ಗಾಲಿಯ ಬೆನ್ನಿಗೆ ಅದನ್ನು ತಳ್ಳುವಾಗ ಕಾರು ಒಂದು ಬೆರಳಷ್ಟು ಸರಿದು ನನ್ನ ಕೈಗೆ ತಾಗಿತು. ನಾನು ಕೈ ಎಳೆದುಕೊಂಡೆ. ಕಾರು ಕಲ್ಲಿಗೆ ಒರಗಿ ನಿಟ್ಟುಸಿರು ಬಿಟ್ಟ ಹಾಗೆ ಕಿರ್ ಅಂದು ಕೂತಿತು. ಇನ್ನೊಂದು ಗಾಲಿಗೂ ಇಟ್ಟೆ. ಅಷ್ಟರಲ್ಲಿ ಇವರು ತಡವರಿಸುತ್ತಾ ಬಂದರು, ಓಣಿಯವರು ಬಂದರು.

ಅವಳು ಇಳಿದು ನನ್ನ ತಬ್ಬಿಕೊಂಡಳು. ಎಣ್ಣೆ, ಬೆವರು, ಕೆಂಪು ಧೂಳಿನ ವಾಸನೆ. ನಾನು ಅವಳ ಬೆನ್ನಿಗೆ ಹೊಡೆದೆ, ಮುದ್ದಾಡಿದೆ, ಮತ್ತೆ ಹೊಡೆದೆ. "ತಂತಿ ಬರ್ಲಿ ಅಂದೆನಲ್ಲಲೇ! ನಿಮ್ಮವ್ವಗ ಏನು ಹೇಳ್ತಿದ್ದೆ ನಾನು!"

"ನಾನ ತಪ್ಪಿದೆ ಅಜ್ಜಿ. ಅವ್ವಗ ಹೇಳಬ್ಯಾಡ."

"ನಿನಗಿಂತ ಮೊದ್ಲ ನನ್ನ ಹೊಡೀತಾಳ ಆಕಿ."

ಮನೆಗೆ ಬಂದು ಚಹಾ ಕುಡಿಯುವಾಗ ವಾದ ಶುರುವಾಯಿತು. ಬ್ರೇಕು ಹಿಡೀತು ಅಂತ ಅವಳು. ಎರಡೂ ಕಾಲು ಎತ್ತಿದಾಗ ಕ್ಲಚ್ ಬಿಟ್ಟು ಗೇರು ಹಿಡೀತು ಅಂತ ಇವರು. ನನ್ನ ಬಾಯಿ ಹಿಡೀತು ಅಂತ ನಾನು. ಮೊದಲು ಹಿಡಿಯದೆ ಹೋದದ್ದು ಪೈಪಿನಲ್ಲಿ ಗಾಳಿ ಇದ್ದದ್ದಕ್ಕೆ ಅಂತ ಇಬ್ಬರೂ ಒಪ್ಪಿದರು, ಆದರೆ ಅದು ಒಳಗೆ ಹೋದದ್ದು ಹೇಗೆ? ಬೆಳಿಗ್ಗೆ ಕಲ್ಲಿನ ಹಾಗಿತ್ತಲ್ಲ? ಬಿಡುವಿಲ್ಲದೆ ಟಕಟಕ ಒತ್ತಿದರೆ ಗಾಳಿ ಇದ್ದರೂ ಗಟ್ಟಿಯಾಗುತ್ತದೆ, ಮೊದಲ ಒತ್ತು ನೋಡಬೇಕಿತ್ತು ಅಂದರು ಇವರು. ಹಂಗಾದರೆ ಗಾಳಿ ಎಲ್ಲಿಂದ?

"ಅಜ್ಜಿ, ನಾ ಬಿಡು ಅನ್ನೋತನಕ ಹಿಡದಿದ್ದಿ, ಹೌದಲ್ಲ?"

"ಹೌದವ್ವ. ಪ್ರತಿ ಸಲ. ಮುಖಕ್ಕ ಸಿಡಿದಾಗೂ ನೀ ಬಿಡು ಅಂದ ಮ್ಯಾಲೇ ಬಿಟ್ಟೆ."

"ಯಾವಾಗ ಅಂದೆ?"

"ಇರ್ಲಿ ಬಿಡಜ್ಜಿ ಅಂದಿಯಲ್ಲ."

ಅವಳು ಚಹಾ ಲೋಟ ಕೆಳಗಿಟ್ಟಳು. ಇವರು ಮೊದಲು ನಕ್ಕರು. ಬಿದ್ದು ಬಿದ್ದು ನಕ್ಕರು, ಕೆಮ್ಮು ಬರುವವರೆಗೆ. "ಈ ಸೀಮ್ಯಾಗ ಬಿಡು ಅನ್ನದ ಯಾರು ಮಾತಾಡ್ತಾರಲೇ! ಆತು ಬಿಡು, ಹೋಗ್ಲಿ ಬಿಡು, ಸುಮ್ನಿರು ಬಿಡು. ಇಂಥಾ ಮಾತು ಇಟ್ಕೊಂಡು ಬ್ರೇಕು ಮಾಡ್ಯಾಳ!" ಅಂದರು. ಅವಳೂ ನಕ್ಕಳು, ನಗುತ್ತಾ ನಗುತ್ತಾ ಅತ್ತಳು. ಅವಳು ಹೆದರಿದ್ದು ಆಗ ಹೊರಗೆ ಬಂತು. ನಾನು ಅವಳ ತಲೆ ತೊಡೆಯ ಮೇಲೆ ಹಾಕಿಕೊಂಡು ಕೂತೆ.

ಹೊಸ ಮಾತು ಬೇಕಾಯಿತು. "ಎತ್ತು" ಅನ್ನೋಣ ಅಂದಳು. ಒತ್ತು, ಎತ್ತು ಎರಡೂ ಒಂದೇ ಕೇಳಿಸುತ್ತವೆ, ನನ್ನ ಕಿವಿಗೆ ಬೇಡ ಅಂದರು ಇವರು. "ಸಾಕು"? ಅದನ್ನು ನಾನು ದಿನಕ್ಕೆ ನೂರು ಸಲ ಅನ್ನುತ್ತೇನೆ. "ಆತು"? ಅದೂ ಬೇಡ. ಮಾತಿನ ನಡುವೆ ತಪ್ಪಿಯೂ ಬಾರದ ಮಾತು ಯಾವುದು?

"ಮೆಟ್ರಿ" ಅಂದಳು ಅವಳು. "ನಾ ಮೆಟ್ರಿ ಅಂದ್ರ ಮಾತ್ರ ಕಾಲು ಎತ್ತು. ಮನಿಗೆ ಬೆಂಕಿ ಬಿತ್ತು ಅಂದ್ರೂ ಎತ್ತಬ್ಯಾಡ."

ಮುಂದಿನ ಭಾನುವಾರ ಮೊದಲಿನಿಂದ ಮಾಡಿದೆವು. ನಾನು ಬಾಯಿ ಬಿಗಿ ಹಿಡಿದು ಕೂತೆ, ಒಂದು ಮಾತಾಡಲಿಲ್ಲ. ಒತ್ತು. ಹಿಡಿ. ಮೆಟ್ರಿ. ಒತ್ತು. ಹಿಡಿ. ಮೆಟ್ರಿ. ಪೆಡಲ್ ಮೊದಲ ಒತ್ತಿಗೇ ಹೊಸ್ತಿಲ ಮೇಲೆ ಕಾಲಿಟ್ಟ ಹಾಗೆ ಗಟ್ಟಿ ನಿಂತಿತು. ಆಮೇಲೆ ತಂತಿ ಬಂತು, ಹ್ಯಾಂಡ್ ಬ್ರೇಕೂ ಆಯಿತು. ಸಂಡೂರಿನ ಗ್ಯಾರೇಜಿನವರೊಬ್ಬರನ್ನು ಕರೆಸಿ ನಾಲ್ಕೂ ಗಾಲಿ ಬಿಚ್ಚಿಸಿ ತೋರಿಸಿದೆವು, ನನ್ನ ಹಟಕ್ಕೆ. ಬಯಲಿನಲ್ಲಿ ಅವಳು ನಾನಿಲ್ಲದೆ ಎಷ್ಟೋ ಸುತ್ತು ಹಾಕಿದಳು. ನಾನು ಕಲ್ಲು ಹಿಡಿದು ಅಂಚಿನಲ್ಲಿ ನಿಂತಿದ್ದೆ.

ಕಡೆಗೆ ಹೊರಟೆವು. ಇವರು ಹಿಂದೆ, ಒಗೆದ ಸೀಟಿನ ಬಟ್ಟೆಯ ಮೇಲೆ ಸಾಹುಕಾರರ ಹಾಗೆ ಕಾಲ ಮೇಲೆ ಕಾಲು ಹಾಕಿ. ನಾನು ಮುಂದೆ. ಸಂಡೂರು ದಾಟಿ ಘಾಟಿ ಇಳಿಯುವಾಗ ಎದುರಿಗೂ ಹಿಂದೆಯೂ ಲಾರಿಗಳು. ಪ್ರತಿ ತಿರುವಿಗೆ ನಾನು ಕಣ್ಣು ಮುಚ್ಚಿದೆ, ಮತ್ತೆ ಅವಳ ಕಾಲು ನೋಡಲು ತೆರೆದೆ. "ನಿಧಾನ", "ನಿಧಾನ" ಅಂತ ಹಿಂದಿನಿಂದ ಇವರು. "ತಾತಾ, ನಡದುಕೊಂಡು ಬರ್ತೀಯೇನು?" ಅಂತ ಅವಳು. ಹೊಸಪೇಟೆಯಲ್ಲಿ ಚಹಾಕ್ಕೆ ನಿಂತೆವು, ನಾನು ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತುವ ಧೈರ್ಯ ಬಾರದಿದ್ದರೆ ಅಂತ. ಕಮಲಾಪುರದ ಹತ್ತಿರ ಹಂಪಿ ನೋಡಲು ಬಂದ ಯಾರೋ ಬಿಳಿ ಜನ ನಮ್ಮ ಕಾರಿನ ಫೋಟೋ ತೆಗೆದರು. ಅದರಲ್ಲಿ ನಾನೂ ಇದ್ದೇನೆ, ಕಣ್ಣು ದೊಡ್ಡದು ಮಾಡಿಕೊಂಡು. ಎಲ್ಲಿದೆಯೋ ಆ ಫೋಟೋ.

ಕಂಪ್ಲಿ ಕಡೆಗೆ ತಿರುಗಿದ ಮೇಲೆ ರಸ್ತೆ ಸಮ, ಗದ್ದೆ ಹಸಿರು, ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಗಾಳಿ ತಣ್ಣಗೆ ಮುಖಕ್ಕೆ ಬಡಿಯಿತು. ಆಗಲೂ ನಾನು ಹಾಯಾಗಿ ಕೂತಿರಲಿಲ್ಲ ಅಂತ ನನಗೇ ಗೊತ್ತಾಗಲಿಲ್ಲ. ಬಲಗಾಲು ಜೋಮು ಹಿಡಿದಿತ್ತು, ತೊಡೆಯವರೆಗೆ ನೋವು.

ಬೇವಿನ ಸಾಲು ಬಂತು, ನಾನು ಆಡಿದ ಕಟ್ಟೆ ಬಂತು. ಯಾರೋ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಕಾರನ್ನೇ ನೋಡುತ್ತಿದ್ದಳು. ನನ್ನ ತಂಗಿ. ಮೊಮ್ಮಗಳು ಮೆಲ್ಲಗೆ ಬ್ರೇಕು ಒತ್ತಿದಳು. ಕಾರು ಒಂದು ಕಡೆಗೂ ಎಳೆಯದೆ, ಕೂಸನ್ನು ಕೆಳಗಿಳಿಸಿದ ಹಾಗೆ ನಿಂತಿತು. ಅವಳು ನನ್ನ ಕಡೆ ತಿರುಗಿ, ನನ್ನ ಕಾಲು ನೋಡಿ, ನಗು ತಡೆದುಕೊಂಡು ಅಂದಳು:

"ಅಜ್ಜಿ. ಮೆಟ್ರಿ."

ಆಗ ಗೊತ್ತಾಯಿತು, ಯಶವಂತನಗರದಿಂದ ಅಲ್ಲಿಯವರೆಗೂ ನಾನು ಇಲ್ಲದ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದೆ ಅಂತ. ಕಾಲೆತ್ತಿದೆ.